ಹಿಗ್ಗುವ ಅಚ್ಚು, ಕುಗ್ಗುವ ಲೋಹ

ಹಲ್ಲಿನ ಮೇಲೆ ಬಿಗಿಯಾಗಿ, ಸಂದಿ ಕಾಣದಂತೆ ಕೂರುವ ಲೋಹದ ಕ್ಯಾಪ್ ಬೇಕೆಂದರೆ ಮೊದಲು ಏನು ಮಾಡಬೇಕು ಗೊತ್ತೆ? ಅದರ ಅಚ್ಚನ್ನು ತಪ್ಪು ಅಳತೆಯಲ್ಲಿ ಮಾಡಬೇಕು! ಬೇಕೆಂದೇ, ತಿಳಿದೂ ತಿಳಿದೂ ದೊಡ್ಡದಾಗಿ ಮಾಡಬೇಕು. ಎಷ್ಟು ದೊಡ್ಡದು ಎಂಬುದರಲ್ಲಿ ಮಾತ್ರ ಎಳ್ಳಷ್ಟೂ ಹೆಚ್ಚುಕಡಿಮೆ ಆಗಕೂಡದು. ರೂಟ್ ಕೆನಾಲ್ ಮುಗಿಸಿ, ಕ್ಯಾಪ್ ಹಾಕಿಸಿಕೊಂಡು ಮನೆಗೆ ಬಂದು ನೆಮ್ಮದಿಯಾಗಿ ಊಟಕ್ಕೆ ಕೂರುವ ನಮಗೆ, ಬಾಯೊಳಗಿನ ಆ ಪುಟ್ಟ ಚಿಪ್ಪಿಗಾಗಿ ಬೆಣಚುಕಲ್ಲಿನ ಪರಮಾಣುಗಳು ಮಗ್ಗುಲು ಬದಲಿಸಿವೆ, ಮೂತ್ರಪಿಂಡದ ಕಲ್ಲಿನಲ್ಲಿ ಸಿಗುವ ಖನಿಜವೊಂದು ಹುಟ್ಟಿ, ಬೆಂದು, ಬೇರೆಯೇ ವಸ್ತುವಾಗಿದೆ ಎಂಬುದರ ಸುಳಿವೂ ಇರುವುದಿಲ್ಲ. ಇದನ್ನೆಲ್ಲ ಓದುತ್ತ ಹೋದಂತೆ ನನಗೆ ಕನ್ನಡಿಯ ಮುಂದೆ ಬಾಯಿ ತೆರೆದು ನನ್ನದೇ ದವಡೆಯನ್ನು ಹೊಸದಾಗಿ ನೋಡಬೇಕೆನಿಸಿತು.

ಕೆಲಸದ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ದಂತವೈದ್ಯರು ಹಲ್ಲನ್ನು ಸುತ್ತಲೂ ಸವೆಸಿ, ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನವರು ಆ ಅಳತೆಯೊಳಗೆ ಗಟ್ಟಿ ಜಿಪ್ಸಂ ಹೊಯ್ದು ಹಲ್ಲಿನ ಪ್ರತಿರೂಪ ತೆಗೆಯುತ್ತಾರೆ; ಅದಕ್ಕೆ ಅವರ ಬಾಯಲ್ಲಿ ‘ಡೈ’ ಎಂದು ಹೆಸರು. ಡೈ ಮೇಲೆ ಹನಿಹನಿಯಾಗಿ ಮೇಣ ಇಟ್ಟು, ಕೆತ್ತಿ, ಮುಂದೆ ಲೋಹದಲ್ಲಿ ಬರಬೇಕಾದ ಕ್ಯಾಪನ್ನು ಮೊದಲು ಮೇಣದಲ್ಲೇ ಪೂರ್ತಿ ಮಾಡುತ್ತಾರೆ. ಆ ಮೇಣದ ಕ್ಯಾಪಿಗೆ ‘ಸ್ಪ್ರೂ’ ಎಂಬ ಸಣ್ಣ ಕಡ್ಡಿ ಅಂಟಿಸಿ, ಉಂಗುರದಂಥ ಲೋಹದ ಕೊಳವೆಯೊಳಗೆ ನಿಲ್ಲಿಸಿ, ಸುತ್ತ ‘ಇನ್ವೆಸ್ಟ್‌ಮೆಂಟ್’ ಎಂಬ ತೆಳು ಗಾರೆ ಹೊಯ್ಯುತ್ತಾರೆ. ಗಾರೆ ಗಟ್ಟಿಯಾದ ಮೇಲೆ ಉಂಗುರ ಕುಲುಮೆಗೆ ಹೋಗುತ್ತದೆ. ಮೇಣ ಕರಗಿ, ಉರಿದು, ಮಾಯವಾಗುತ್ತದೆ. ಒಳಗೆ ಉಳಿಯುವುದು ಕ್ಯಾಪಿನ ಆಕಾರದ ಒಂದು ಖಾಲಿ ಜಾಗ. ಕಡ್ಡಿಯಿದ್ದ ದಾರಿಯಲ್ಲಿ ಕರಗಿದ ಲೋಹವನ್ನು ಒತ್ತಡದಿಂದ ನುಗ್ಗಿಸಿದರೆ ಆ ಖಾಲಿ ಜಾಗವೇ ಕ್ಯಾಪ್ ಆಗಿ ಹೊರಬರುತ್ತದೆ.

ಮೇಣವಳಿದು ಲೋಹ ಉಳಿಯುವ ಈ ವಿದ್ಯೆ ನಮ್ಮ ನೆಲಕ್ಕೆ ಹೊಸತೇನಲ್ಲ. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಇದರ ವಿವರಣೆಯೇ ಇದೆ. ಮೇಣದ ಮೂರ್ತಿ ಮಾಡಿ, ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಸೇರಿಸಿ ಅರೆದ ಮಣ್ಣನ್ನು ಪದರಪದರವಾಗಿ ಮೆತ್ತಿ, ಒಣಗಿಸಿ, ಮೇಣ ಕರಗಿಸಿ, ಲೋಹ ಹೊಯ್ಯುವುದು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಅದಕ್ಕೆ ತಕ್ಕಂತೆ ಎಷ್ಟು ಲೋಹ ಬೇಕೆಂದು ನಿರ್ಧರಿಸುವ ಲೆಕ್ಕವೂ ಅಲ್ಲಿದೆ! ಸುಮಾರು ಒಂಬೈನೂರು ವರ್ಷಗಳ ಹಿಂದಿನ ಆ ಎರಕದವನನ್ನು ಇಂದಿನ ಡೆಂಟಲ್ ಲ್ಯಾಬಿನೊಳಗೆ ಕರೆತಂದರೆ ಅವನಿಗೆ ಅಲ್ಲಿನ ಹೆಜ್ಜೆಗಳೆಲ್ಲ ಗುರುತು ಸಿಕ್ಕೀತು. ಅವನನ್ನು ದಂಗುಬಡಿಸುವುದು ಒಂದೇ, ಅಳತೆ. ದೇವರ ಮೂರ್ತಿ ಕೂದಲೆಳೆಯಷ್ಟು ಕುಗ್ಗಿದರೆ ಪೂಜೆ ನಿಲ್ಲುವುದಿಲ್ಲ. ಕ್ಯಾಪ್ ಅಷ್ಟು ಕುಗ್ಗಿದರೆ ಅದು ಹಲ್ಲಿನ ಮೇಲೆ ಇಳಿಯುವುದೇ ಇಲ್ಲ.

ಲೋಹ ಕುಗ್ಗುವುದು ಮೂರು ಹಂತದಲ್ಲಿ. ದ್ರವವಾಗಿ ತಣಿಯುವಾಗ ಒಮ್ಮೆ, ದ್ರವದಿಂದ ಘನವಾಗುವಾಗ ಒಮ್ಮೆ, ಘನವಾದ ಮೇಲೆ ಕೋಣೆಯ ಬಿಸಿಗೆ ಇಳಿಯುವವರೆಗೆ ಮತ್ತೊಮ್ಮೆ. ಮೊದಲ ಎರಡಕ್ಕೆ ಉಪಾಯ ಸುಲಭ: ಸ್ಪ್ರೂ ದಾರಿಯಲ್ಲಿ ಇನ್ನೂ ಕರಗಿಯೇ ಇರುವ ಲೋಹ ಹರಿದು ಬಂದು ಕೊರತೆ ತುಂಬುತ್ತದೆ. ಮೂರನೆಯದಕ್ಕೆ ಯಾರೂ ಬಂದು ತುಂಬುವುದಿಲ್ಲ. ಚಿನ್ನದ ಮಿಶ್ರಲೋಹಗಳಲ್ಲಿ ಎರಕದ ಈ ಕುಗ್ಗುವಿಕೆ ಸುಮಾರು ಶೇ 1.4ರಿಂದ 1.6, ಭಾರತದ ಲ್ಯಾಬ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ನಿಕಲ್-ಕ್ರೋಮಿಯಂನಲ್ಲಿ ಸುಮಾರು ಶೇ 2.3. ಶೇ 2.3 ಎಂದರೆ ಏನು ಮಹಾ ಎನಿಸಬಹುದು. 8 ಮಿಲಿಮೀಟರ್ ಅಗಲದ ದವಡೆ ಹಲ್ಲಿನ ಮೇಲೆ ಅದು 180 ಮೈಕ್ರಾನ್ ದಾಟುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಲೆಕ್ಕಕ್ಕೆ ಬನ್ನಿ. ಸವೆಸಿದ ಹಲ್ಲು ಮೇಲಕ್ಕೆ ಹೋದಂತೆ ಕೊಂಚ ಕಿರಿದಾಗುತ್ತದೆ; ಎರಡೂ ಬದಿ ಸೇರಿ 6 ಡಿಗ್ರಿ ಓರೆ ಇದ್ದರೆ ಉತ್ತಮ ಎಂದು ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಒಂದರ ಮೇಲೊಂದು ಬೋರಲು ಹಾಕಿದ ಸ್ಟೀಲ್ ಲೋಟಗಳನ್ನು ನೋಡಿ: ಮೇಲಿನ ಲೋಟ ಒಂದಿಷ್ಟೇ ಇಷ್ಟು ಚಿಕ್ಕದಾದರೂ ಅದು ಕೆಳಗಿನದರ ಕಂಠದವರೆಗೆ ಇಳಿಯದೆ ಎಷ್ಟು ಎತ್ತರದಲ್ಲಿ ಸಿಕ್ಕಿಕೊಳ್ಳುತ್ತದೆ! ಕ್ಯಾಪಿನದೂ ಅದೇ ರೇಖಾಗಣಿತ. 6 ಡಿಗ್ರಿ ಓರೆಯ ಹಲ್ಲಿನ ಮೇಲೆ ಕ್ಯಾಪ್ ಒಂದೊಂದು ಬದಿಗೆ ಬರೀ 10 ಮೈಕ್ರಾನ್ ಬಿಗಿಯಾದರೆ, ಅದರ ಅಂಚು ಕೂರಬೇಕಾದ ಜಾಗಕ್ಕಿಂತ 190 ಮೈಕ್ರಾನ್ ಮೇಲೆಯೇ ನಿಂತುಬಿಡುತ್ತದೆ. ಹತ್ತೊಂಬತ್ತು ಪಟ್ಟು! ಕಣ್ಣಿಗೆ ಕಾಣದ ತಪ್ಪೊಂದನ್ನು ಹಲ್ಲಿನ ಓರೆಯೇ ಹಿಗ್ಗಿಸಿ ತೋರಿಸುತ್ತದೆ. ಓರೆಯನ್ನು 20 ಡಿಗ್ರಿಗೆ ಹೆಚ್ಚಿಸಿದರೆ ಅದೇ ತಪ್ಪು 57 ಮೈಕ್ರಾನಿಗೆ ಇಳಿಯುತ್ತದೆ ನಿಜ, ಆದರೆ ಆಗ ಕ್ಯಾಪಿಗೆ ಹಲ್ಲಿನ ಮೇಲಿನ ಹಿಡಿತ ಸಡಿಲವಾಗುತ್ತದೆ.

ಅಂಚಿನ ಸಂದಿ ಅಷ್ಟು ಮುಖ್ಯವೇಕೆಂದರೆ, ಅಲ್ಲಿ ಹೊರಗೆ ತೆರೆದುಕೊಂಡ ಸಿಮೆಂಟ್ ವರ್ಷಗಟ್ಟಲೆ ಎಂಜಲಿನಲ್ಲಿ ನೆನೆಯುತ್ತ ಕರಗುತ್ತದೆ. ಒಂದೇ ಮೈಕ್ರಾನ್ ಅಗಲದ ಬ್ಯಾಕ್ಟೀರಿಯಾಕ್ಕೆ ನೂರು ಮೈಕ್ರಾನ್ ಎಂದರೆ ಹೆಬ್ಬಾಗಿಲು. ಮೆಕ್ಲೀನ್ ಮತ್ತು ಫೋನ್ ಫ್ರಾನ್‌ಹೋಫರ್ ಎಂಬಿಬ್ಬರು ಸಾವಿರಕ್ಕೂ ಹೆಚ್ಚು ಕ್ಯಾಪ್ ಮತ್ತಿತರ ದಂತ ಜೋಡಣೆಗಳನ್ನು ಐದು ವರ್ಷ ಪರಿಶೀಲಿಸಿ 1971ರಲ್ಲಿ ಒಂದು ಅಂಕಿ ಕೊಟ್ಟರು: 120 ಮೈಕ್ರಾನ್. ಸಂದಿ ಅದಕ್ಕಿಂತ ಹೆಚ್ಚಿರಬಾರದು. ಜಗತ್ತಿನಾದ್ಯಂತ ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಈ ಅಂಕಿಯನ್ನು ಉಲ್ಲೇಖಿಸುತ್ತಾರೆ. ಅದಕ್ಕೂ ಮುಂಚೆ, 1966ರಲ್ಲಿ, ಗಾರ್ಡನ್ ಕ್ರಿಸ್ಟೆನ್ಸನ್ ನುರಿತ ದಂತವೈದ್ಯರ ಕೈಯಲ್ಲೇ ಚಿನ್ನದ ಎರಕದ ಅಂಚುಗಳನ್ನು ಪರೀಕ್ಷೆ ಮಾಡಿಸಿದ್ದರು. ಕಣ್ಣಿಗೆ ಕಾಣುವ ಅಂಚಿನಲ್ಲಿ ಅವರು ಒಪ್ಪಿದ ಸಂದಿ ಹೆಚ್ಚೆಂದರೆ 51 ಮೈಕ್ರಾನ್. ಒಸಡಿನ ಕೆಳಗೆ, ಮೊನೆ ತಾಗಿಸಿ ಮಾತ್ರ ತಿಳಿಯಬೇಕಾದ ಕಡೆ 119 ಮೈಕ್ರಾನಿನ ಸಂದಿಯೂ ಅವರ ಕೈಗೆ ಸರಿಯೆನಿಸಿತ್ತು. ಕೈ ತಪ್ಪು ಹಿಡಿಯಲಾಗದ ಕಡೆ ಕಾಯಬೇಕಾದದ್ದು ಅಚ್ಚೇ.

ಈ ಕಥೆಗೆ ದಂತವೈದ್ಯದಲ್ಲಿ ಒಂದು ಆರಂಭದ ದಿನವಿದೆ. 1907ರ ಜನವರಿಯಲ್ಲಿ ವಿಲಿಯಂ ಟ್ಯಾಗರ್ಟ್ ಎಂಬ ಅಮೆರಿಕದ ದಂತವೈದ್ಯ ನ್ಯೂಯಾರ್ಕಿನ ದಂತವೈದ್ಯರ ಸಭೆಯೊಂದರಲ್ಲಿ ತನ್ನ ಎರಕ ಯಂತ್ರವನ್ನು ಮುಂದಿಟ್ಟ. ಅಲ್ಲಿಯವರೆಗೆ ಹಲ್ಲಿನ ಕುಳಿಗೆ ಚಿನ್ನದ ತೆಳು ಹಾಳೆಯನ್ನು ಚೂರುಚೂರಾಗಿ ಇಟ್ಟು ಬಡಿದು ಬಡಿದು ತುಂಬುತ್ತಿದ್ದರು. ರೋಗಿಗೂ ವೈದ್ಯನಿಗೂ ಅದು ಗಂಟೆಗಟ್ಟಲೆಯ ತಪಸ್ಸು. ಟ್ಯಾಗರ್ಟ್ ಮೇಣದ ನಮೂನೆ ಮಾಡಿ, ಅಚ್ಚು ಕಟ್ಟಿ, ಕರಗಿದ ಚಿನ್ನವನ್ನು ನೈಟ್ರಸ್ ಆಕ್ಸೈಡಿನ ಒತ್ತಡದಿಂದ ಅದರೊಳಕ್ಕೆ ನೂಕಿದ. ಹೌದು, ನಗಿಸುವ ಅನಿಲವೇ! ದಂತವೈದ್ಯರ ಕೋಣೆಯಲ್ಲಿ ಅದು ಹೇಗೂ ಕೈಗೆಟುಕುವಂತಿತ್ತು. ಪೇಟೆಂಟ್ ಪಡೆದ ಟ್ಯಾಗರ್ಟ್, ತನ್ನ ವಿಧಾನ ಬಳಸಿದವರ ಮೇಲೆ ದಾವೆ ಹೂಡಿದಾಗ ದಂತವೈದ್ಯರು ಒಗ್ಗಟ್ಟಾಗಿ ಎದುರು ನಿಂತರು. ಅಯೋವಾದ ಫಿಲ್‌ಬ್ರೂಕ್ ಎಂಬ ದಂತವೈದ್ಯ ಸುಮಾರು ಹತ್ತು ವರ್ಷ ಮುಂಚೆಯೇ ಇದೇ ವಿಧಾನವನ್ನು ತನ್ನ ರಾಜ್ಯದ ಸಂಘದ ಮುಂದೆ ಓದಿದ್ದು ಬೆಳಕಿಗೆ ಬಂದು, ಟ್ಯಾಗರ್ಟ್ ಸೋತ. ಮೊದಲಿಗ ಯಾರೇ ಇರಲಿ, ಇಡೀ ವೃತ್ತಿಯನ್ನು ಮೇಣ ಮತ್ತು ಬೆಂಕಿಯ ಕಡೆ ತಿರುಗಿಸಿದವನು ಟ್ಯಾಗರ್ಟ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಅವನ ಎರಕಗಳು ಕುಗ್ಗುತ್ತಿದ್ದವು. ಕುಗ್ಗುವಿಕೆಯನ್ನು ಗೆಲ್ಲಲು ಮೊದಲು ಅದನ್ನು ಅಳೆಯಬೇಕಲ್ಲವೇ? ಅಳೆಯುವವರು ಸಿಕ್ಕಿದ್ದು ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ. 1919ರಲ್ಲಿ ಅಮೆರಿಕದ ಸೇನೆ ಹಲ್ಲಿಗೆ ತುಂಬುವ ಅಮಾಲ್ಗಮ್ ಖರೀದಿಗೊಂದು ಮಾನದಂಡ ಬೇಕೆಂದು ಕೇಳಿದಾಗ ಆ ಕೆಲಸ ವಿಲ್ಮರ್ ಸೌಡರ್ ಎಂಬ ಭೌತವಿಜ್ಞಾನಿಯ ಪಾಲಿಗೆ ಬಂತು. ಹಲ್ಲಿನ ಸಾಮಗ್ರಿಗಳು ಕಾದಾಗ ಎಷ್ಟು ಹಿಗ್ಗುತ್ತವೆಂದು ಅವರು ಬೆಳಕಿನ ಅಲೆಗಳ ಅಳತೆಗೋಲಿನಿಂದ, ಅಂದರೆ ಇಂಟರ್‌ಫೆರೋಮೀಟರಿನಿಂದ ಅಳೆದರು! ನಕ್ಷತ್ರ ಅಳೆಯುವ ಸೂಕ್ಷ್ಮತೆ ದವಡೆ ಹಲ್ಲಿನವರೆಗೆ ಬಂತು. ಇದೇ ಸೌಡರ್ ಕೈಬರಹದ ತಜ್ಞರೂ ಹೌದು. ಅಮೆರಿಕದ ವೈಮಾನಿಕ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣದ ಪ್ರಸಿದ್ಧ ಮೊಕದ್ದಮೆಯಲ್ಲಿ 1935ರಲ್ಲಿ ಸಾಕ್ಷಿ ಹೇಳಿದವರು. ಸಣ್ಣ ವ್ಯತ್ಯಾಸಗಳನ್ನು ಕಂಡುಹಿಡಿಯುವ ಕಣ್ಣು ಇದ್ದವರಿಗೆ ಎರಡೂ ಒಂದೇ ಕೆಲಸವಾಗಿತ್ತೇನೋ.

ಅಳತೆ ಸಿಕ್ಕ ಮೇಲೆ ಉತ್ತರ ಸಿಕ್ಕಿತು: ಲೋಹ ಎಷ್ಟು ಕುಗ್ಗುತ್ತದೋ ಅಚ್ಚು ಅಷ್ಟೇ ಹಿಗ್ಗಲಿ. ಮಾತು ಸರಳ. ಅದನ್ನು ಆಗಮಾಡಿದ ಪದಾರ್ಥಗಳ ಒಳಗೆ ನಡೆಯುವುದು ಮಾತ್ರ ಪವಾಡದಂತಿದೆ.

ಚಿನ್ನದ ಎರಕಕ್ಕೆ ಬಳಸುವ ಗಾರೆಯಲ್ಲಿ ಜಿಪ್ಸಂ ಅಂಟು, ಸಿಲಿಕಾ ಮೈ. ನೀರು ಬೆರೆಸಿದೊಡನೆ ಜಿಪ್ಸಂನ ಹರಳುಗಳು ಸೂಜಿಗಳಂತೆ ಬೆಳೆಯತೊಡಗುತ್ತವೆ. ಒಂದು ಸೂಜಿ ಇನ್ನೊಂದಕ್ಕೆ ತಾಗಿ, ಒಂದನ್ನೊಂದು ಹೊರಕ್ಕೆ ತಳ್ಳುತ್ತ ಇಡೀ ಗಾರೆಯನ್ನು ಹಿಗ್ಗಿಸುತ್ತವೆ. ಇದು ಗಟ್ಟಿಯಾಗುವಾಗಿನ ಹಿಗ್ಗು. 1930ರ ದಶಕದ ಆರಂಭದಲ್ಲಿ ಇನ್ನೊಂದು ವಿಚಿತ್ರ ಪತ್ತೆಯಾಯಿತು. ಗಟ್ಟಿಯಾಗುತ್ತಿರುವ ಅಚ್ಚನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅದು ಇನ್ನೂ ಹೆಚ್ಚು ಹಿಗ್ಗುತ್ತದೆ! ಬೆರೆಸಿದ ನೀರು ಖರ್ಚಾಗುತ್ತ ಬಂದಂತೆ, ಉಳಿದ ನೀರಿನ ಮೇಲ್ಮೈ ಸೆಳೆತ ಹರಳುಗಳನ್ನು ಒತ್ತಿ ಹಿಡಿಯುತ್ತದೆ. ಹೊರಗಿನಿಂದ ನೀರು ಬಂದರೆ ಆ ಬಿಗಿತ ಸಡಿಲಿ ಸೂಜಿಗಳು ಬಿಡುವಾಗಿ ಚಾಚಿಕೊಳ್ಳುತ್ತವೆ. ಅಲ್ಲಿಂದ ಎರಡು ಪಂಥಗಳು ಬೆಳೆದವು. ಒಂದು, 38 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಉಂಗುರ ಮುಳುಗಿಸಿ ಆಮೇಲೆ ಸುಮಾರು 480 ಡಿಗ್ರಿಗಷ್ಟೇ ಕಾಯಿಸುವುದು. ಇನ್ನೊಂದು, ನೀರಿನ ಗೊಡವೆಯಿಲ್ಲದೆ 650-700 ಡಿಗ್ರಿಯವರೆಗೆ ಕಾಯಿಸಿ ಬೆಂಕಿಯಿಂದಲೇ ಹಿಗ್ಗು ಪಡೆಯುವುದು.

ಬೆಂಕಿಯ ದಾರಿಯಲ್ಲಿ ಕೆಲಸ ಮಾಡುವುದು ಸಿಲಿಕಾ, ನಮ್ಮ ಹೊಲಗದ್ದೆಗಳಲ್ಲಿ ಕಾಲಿಗೆ ಎಡವುವ ಬೆಣಚುಕಲ್ಲಿನ ಪದಾರ್ಥ. ಕ್ವಾರ್ಟ್ಜ್ ರೂಪದಲ್ಲಿರುವ ಸಿಲಿಕಾ 573 ಡಿಗ್ರಿ ತಲುಪಿದೊಡನೆ ಅದರೊಳಗೆ ಬಾಗಿಕೊಂಡಿದ್ದ ಪರಮಾಣು ಕೊಂಡಿಗಳು ಒಮ್ಮೆಗೇ ನೆಟ್ಟಗಾಗುತ್ತವೆ. ಒಂದು ಕೊಂಡಿಯೂ ಕಡಿಯುವುದಿಲ್ಲ, ಎಲ್ಲವೂ ಬರೀ ಮೈ ಸಡಿಲಿಸುತ್ತವೆ, ಕಲ್ಲು ದೊಡ್ಡದಾಗುತ್ತದೆ! ಅದೇ ಸಿಲಿಕಾದ ಇನ್ನೊಂದು ರೂಪ ಕ್ರಿಸ್ಟೊಬಲೈಟ್ ಈ ಜಿಗಿತವನ್ನು 200ರಿಂದ 270 ಡಿಗ್ರಿಯೊಳಗೇ ಮುಗಿಸಿಬಿಡುತ್ತದೆ, ಅದೂ ಇನ್ನಷ್ಟು ಉದಾರವಾಗಿ. ಕಾಯಿಸಿದ ಜಿಪ್ಸಂ ನೀರು ಕಳೆದುಕೊಂಡು ಕುಗ್ಗಲು ಹವಣಿಸುತ್ತಿದ್ದರೆ, ಸಿಲಿಕಾ ಅದನ್ನು ಮೀರಿ ಅಚ್ಚನ್ನು ಅಗಲಿಸುತ್ತದೆ. ತಣಿದರೆ ಕೊಂಡಿಗಳು ಮತ್ತೆ ಬಾಗುತ್ತವೆ. ಆದ್ದರಿಂದಲೇ ಕುಲುಮೆಯಿಂದ ಹೊರತೆಗೆದ ಉಂಗುರಕ್ಕೆ ತಡಮಾಡದೆ ಲೋಹ ಹೊಯ್ಯಬೇಕು. ಕೈ ನಿಧಾನವಾದರೆ ಅಚ್ಚು ಮೊದಲಿನ ಅಳತೆಗೆ ಮರಳತೊಡಗುತ್ತದೆ, ಕ್ಯಾಪ್ ಬಿಗಿಯಾಗುತ್ತದೆ. ಬಿಸಿ ಅಚ್ಚಿನಲ್ಲಿ ದೊಡ್ಡದಾಗಿಯೇ ಘನವಾದ ಲೋಹ ತಣಿಯುತ್ತ ತಣಿಯುತ್ತ ಮೇಣದ ಮೊದಲಿನ ಅಳತೆಗೆ ಇಳಿದು ಬರುತ್ತದೆ. ಎರಡು ತಪ್ಪುಗಳು ಮೈಕ್ರಾನ್ ಲೆಕ್ಕದಲ್ಲಿ ಒಂದನ್ನೊಂದು ತೊಡೆದುಹಾಕುತ್ತವೆ.

ಉಂಗುರದ ವಿಷಯ ಇಲ್ಲೇ ಹೇಳಬೇಕು. ಉಕ್ಕಿನ ಗೋಡೆಯ ನಡುವೆ ಸಿಕ್ಕ ಗಾರೆ ಪಕ್ಕಕ್ಕೆ ಹಿಗ್ಗಲಾರದೆ ಮೇಲೆ ಕೆಳಗೆ ಮಾತ್ರ ಹಿಗ್ಗಿದರೆ ಕ್ಯಾಪ್ ಸೊಟ್ಟಗಾಗುತ್ತದೆ. ಅದಕ್ಕೆ ಉಂಗುರದ ಒಳಗೋಡೆಗೆ ಮೆತ್ತನೆಯ ಪಟ್ಟಿ ಸುತ್ತುತ್ತಾರೆ. ಹಿಂದೆ ಅದು ಒದ್ದೆ ಕಲ್ನಾರಿನದು. ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಸೆಲ್ಯುಲೋಸ್, ಸೆರಾಮಿಕ್ ಪಟ್ಟಿಗಳು ಬಂದವು. ಈಚೆಗೆ ಗಾರೆ ಗಟ್ಟಿಯಾದೊಡನೆ ಉಂಗುರವನ್ನೇ ಕಳಚಿ, ಬರಿಮೈಯ ಅಚ್ಚನ್ನು ಕುಲುಮೆಗೆ ಇಡುವ ಪದ್ಧತಿಯೂ ಹರಡಿದೆ.

1960ರ ದಶಕದಲ್ಲಿ ಲೋಹದ ಮೇಲೆ ಪೋರ್ಸಲೇನ್ ಬೆಸೆದ, ಹಲ್ಲಿನ ಬಣ್ಣದ ಕ್ಯಾಪ್‌ಗಳು ಬಂದವು. ಪೋರ್ಸಲೇನ್ ಸುಡುವ ಕಾವಿಗೆ ಕರಗದ ಲೋಹ ಬೇಕಾಯಿತು. 70ರ ದಶಕದಲ್ಲಿ ಚಿನ್ನದ ಬೆಲೆ ಏರಿದ ಮೇಲೆ ನಿಕಲ್, ಕೋಬಾಲ್ಟ್ ಮಿಶ್ರಲೋಹಗಳು ನುಗ್ಗಿದವು. ಅವುಗಳ ಕಾವಿಗೆ ಜಿಪ್ಸಂ ತಡೆಯುವುದಿಲ್ಲ. 700 ಡಿಗ್ರಿ ದಾಟಿದರೆ ಒಡೆದು ಗಂಧಕದ ಅನಿಲ ಬಿಟ್ಟು ಎರಕವನ್ನೇ ಕೆಡಿಸುತ್ತದೆ. ಆ ಜಾಗಕ್ಕೆ ಬಂದದ್ದು ಫಾಸ್ಫೇಟ್ ಗಾರೆ. ಮೆಗ್ನೀಷಿಯಂ ಆಕ್ಸೈಡ್ ಮತ್ತು ಅಮೋನಿಯಂ ಫಾಸ್ಫೇಟ್ ನೀರಿನಲ್ಲಿ ಬೆರೆತಾಗ ಅಲ್ಲಿ ಹುಟ್ಟುವ ಹರಳಿಗೆ ಸ್ಟ್ರೂವೈಟ್ ಎಂದು ಹೆಸರು. ಸೋಂಕಿನಿಂದ ಮೂತ್ರಪಿಂಡದಲ್ಲಿ ಬೆಳೆಯುವ ಕಲ್ಲುಗಳಲ್ಲಿ ಸಿಗುವುದೂ ಇದೇ ಸ್ಟ್ರೂವೈಟ್! ಒಂದು ಕಡೆ ಮನುಷ್ಯನನ್ನು ನೋವಿನಿಂದ ಹೊರಳಾಡಿಸುವ ಖನಿಜ, ಇನ್ನೊಂದು ಕಡೆ ಅವನಿಗೆ ಮತ್ತೆ ಅಗಿಯುವ ಹಲ್ಲು ಕೊಡಲು ಗಾರೆಯನ್ನು ಹಿಡಿದು ನಿಲ್ಲಿಸುತ್ತದೆ. ಕುಲುಮೆಯಲ್ಲಿ ಅದು ಅಮೋನಿಯಾ ಬಿಟ್ಟು ಬೇರೆ ಫಾಸ್ಫೇಟ್ ಆಗುತ್ತದೆ. ಲ್ಯಾಬಿನಲ್ಲಿ ಮೂಗಿಗೆ ಹತ್ತುವ ಆ ಘಾಟು ಇದರದೇ.

ಫಾಸ್ಫೇಟ್ ಗಾರೆಯ ಗುಟ್ಟು ಅದರ ದ್ರವದಲ್ಲಿದೆ. ಬರೀ ನೀರಿನ ಬದಲು ಅತಿಸೂಕ್ಷ್ಮ ಸಿಲಿಕಾ ತೇಲುವ ದ್ರವ ಬೆರೆಸಿದರೆ ಅಚ್ಚು ಹೆಚ್ಚು ಹಿಗ್ಗುತ್ತದೆ. ಆ ದ್ರವಕ್ಕೆ ನೀರು ಹೆಚ್ಚಿಸಿದಷ್ಟೂ ಹಿಗ್ಗು ಕಡಿಮೆ. ಅಂದರೆ ಕ್ಯಾಪ್ ಬಿಗಿಯಾಗಬೇಕೋ ಸಡಿಲವಾಗಬೇಕೋ ಎಂಬುದನ್ನು ಟೆಕ್ನೀಷಿಯನ್ ಅಳತೆಯ ಸಿರಿಂಜಿನಲ್ಲಿ ಕೆಲವು ಮಿಲಿಲೀಟರ್ ನೀರಿನಿಂದ ತೀರ್ಮಾನಿಸುತ್ತಾನೆ! ಚಿನ್ನ ಹೆಚ್ಚಿರುವ ಲೋಹಕ್ಕೆ ನೀರು ಜಾಸ್ತಿ, ನಿಕಲ್-ಕ್ರೋಮಿಯಂಗೆ ದ್ರವ ಗಾಢ. ರೋಗಿ ಅವನ ಮುಖ ನೋಡುವುದೇ ಇಲ್ಲ, ಹೆಸರು ಕೇಳುವುದೇ ಇಲ್ಲ. ಅದು ನನಗೆ ನ್ಯಾಯವೆನಿಸುವುದಿಲ್ಲ.

ಅವನು ಗಮನಿಸಬೇಕಾದದ್ದು ಇಷ್ಟೇ ಅಲ್ಲ. ಮೇಣಕ್ಕೆ ನೆನಪಿದೆ: ಬಾಗಿಸಿ ಕೂರಿಸಿದ ಮೇಣ ಹಾಗೇ ಬಿಟ್ಟರೆ ಮೆಲ್ಲಗೆ ಮೊದಲಿನ ಆಕಾರಕ್ಕೆ ಎಳೆಯುತ್ತದೆ, ಅದಕ್ಕೇ ನಮೂನೆ ಮುಗಿದೊಡನೆ ಗಾರೆ ಹೊಯ್ಯುವುದು ಕ್ಷೇಮ. ಗಾರೆಯಲ್ಲೊಂದು ಗಾಳಿಗುಳ್ಳೆ ಮೇಣದ ಒಳಮೈಗೆ ಅಂಟಿ ಉಳಿದರೆ, ಗುಳ್ಳೆಯ ಜಾಗದಲ್ಲಿ ಲೋಹದ ಗುಂಡೊಂದು ಮೂಡುತ್ತದೆ. ಕಣ್ಣಿಗೆ ಕಂಡೂ ಕಾಣದ ಆ ಗುಂಡು ಇಡೀ ಕ್ಯಾಪನ್ನು ಎತ್ತಿ ಹಿಡಿಯುತ್ತದೆ. ಆದ್ದರಿಂದ ನಿರ್ವಾತದಲ್ಲಿ ಗಾರೆ ಕಲಸುವ ಯಂತ್ರ, ಆದ್ದರಿಂದ ಭೂತಗನ್ನಡಿಯ ಕೆಳಗೆ ಪ್ರತಿ ಕ್ಯಾಪಿನ ಒಳಮೈ ತಪಾಸಣೆ. ಲೋಹ ಹೊಯ್ಯುವ ಬಗೆಯೂ ಅಂಚನ್ನು ನಿರ್ಧರಿಸುತ್ತದೆ. ಸ್ಪ್ರಿಂಗ್ ತಿರುಚಿ ಬಿಟ್ಟೊಡನೆ ಗಿರ್ರನೆ ತಿರುಗುವ ಯಂತ್ರದಲ್ಲಿ ಚಿನ್ನ ತನ್ನ ಭಾರದಿಂದಲೇ ಚಾಕುವಿನ ಅಲಗಿನಂಥ ತೆಳು ಅಂಚಿನವರೆಗೆ ನುಗ್ಗುತ್ತದೆ. ಅದರ ಅರ್ಧದಷ್ಟೇ ಸಾಂದ್ರತೆಯ ನಿಕಲ್-ಕ್ರೋಮಿಯಂಗೆ ಸ್ಪ್ರಿಂಗನ್ನು ಇನ್ನೊಂದೆರಡು ಸುತ್ತು ಹೆಚ್ಚು ತಿರುಚಬೇಕು. ಇಲ್ಲದಿದ್ದರೆ ಅಂಚು ದುಂಡಗಾಗಿ, ಮೊಂಡಾಗಿ ಬರುತ್ತದೆ.

ಇಷ್ಟೆಲ್ಲ ನಿಯಮಗಳ ನಡುವೆ ಒಂದು ನಿಯಮಭಂಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿತು. ಹಳೆಯ ಪಾಠ ಹೇಳುವುದು ತಾಳ್ಮೆ: ಗಾರೆ ಒಂದು ಗಂಟೆ ಗಟ್ಟಿಯಾಗಲಿ, ಉಂಗುರ ತಣ್ಣನೆಯ ಕುಲುಮೆಯಲ್ಲಿ ಗಂಟೆಗಟ್ಟಲೆ ಮೆಲ್ಲಗೆ ಕಾಯಲಿ, ಇಲ್ಲದಿದ್ದರೆ ಹಬೆ ಅಚ್ಚನ್ನು ಸೀಳೀತು. 1990ರ ದಶಕದಲ್ಲಿ ಕೆಲವರು ಫಾಸ್ಫೇಟ್ ಗಾರೆಯನ್ನು ಕಲಸಿದ ಕಾಲು ಗಂಟೆಯಲ್ಲೇ ನೇರ 815 ಡಿಗ್ರಿಯ ಕುಲುಮೆಗೆ ಇಟ್ಟು, ಇನ್ನೊಂದು ಕಾಲು ಗಂಟೆಯಲ್ಲಿ ಲೋಹ ಹೊಯ್ದರು. ಅಚ್ಚು ನಿಂತಿತು! ಹೀಗೆ ಬಂದ ಕ್ಯಾಪ್‌ಗಳನ್ನೂ ನಿಧಾನದ ಕ್ಯಾಪ್‌ಗಳನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಹೋಲಿಸಿದ ಹಲವು ಅಧ್ಯಯನಗಳಲ್ಲಿ ಅಂಚಿನ ಸಂದಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಗಾರೆ ಆ ವೇಗಕ್ಕೆ ಒಗ್ಗುವಂಥದ್ದಾಗಿರಬೇಕು, ಕುಲುಮೆಗೆ ಇಡುವ ನಿಮಿಷ ತಪ್ಪಬಾರದು, ಅಷ್ಟೆ.

ಈ ಪುಟ್ಟ ಕುಲುಮೆಗಳಿಂದ ವಿದ್ಯೆ ಆಕಾಶಕ್ಕೂ ಹಾರಿತು. 1932ರಲ್ಲಿ ಅಮೆರಿಕದ ಆಸ್ಟೆನಲ್ ಲ್ಯಾಬೊರೇಟರೀಸ್ ಕೃತಕ ದಂತಪಂಕ್ತಿಗಾಗಿ ರೂಪಿಸಿದ ವೈಟಾಲಿಯಂ ಎಂಬ ಕೋಬಾಲ್ಟ್-ಕ್ರೋಮಿಯಂ ಲೋಹವನ್ನು ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಟರ್ಬೊ ಸೂಪರ್‌ಚಾರ್ಜರಿನ ರೆಕ್ಕೆಗಳಿಗೆ ಇದೇ ಮೇಣದ ದಾರಿಯಲ್ಲಿ ಎರಕ ಹೊಯ್ದರು. ಹಲ್ಲಿಗೆ ಕಲಿತದ್ದು ಎಂಜಿನ್ನಿಗೆ ಒದಗಿತು.

ಈಗ ಜಿರ್ಕೋನಿಯಾ ಎಂಬ ಸೆರಾಮಿಕ್ಕಿನ ಕ್ಯಾಪ್‌ಗಳ ಕಾಲ; ಮೇಣವಿಲ್ಲ, ಎರಕವಿಲ್ಲ, ಕಂಪ್ಯೂಟರ್ ಹೇಳಿದಂತೆ ಯಂತ್ರ ಕೆತ್ತುತ್ತದೆ. ಕುಗ್ಗುವಿಕೆಯ ಕಾಟ ತಪ್ಪಿತೆಂದುಕೊಂಡಿರಾ? ಸೀಮೆಸುಣ್ಣದಷ್ಟು ಮೆದುವಾದ ಬಿಲ್ಲೆಯಿಂದ ಕೆತ್ತಿದ ಜಿರ್ಕೋನಿಯಾ ಕುಲುಮೆಯಲ್ಲಿ ಗಟ್ಟಿಯಾಗುವಾಗ ಶೇ 20ಕ್ಕೂ ಹೆಚ್ಚು ಕುಗ್ಗುತ್ತದೆ, ಚಿನ್ನದ ಹತ್ತು ಪಟ್ಟಿಗೂ ಹೆಚ್ಚು! ಹಾಗಾಗಿ ಯಂತ್ರವೂ ಕ್ಯಾಪನ್ನು ಮೊದಲು ತಪ್ಪು ಅಳತೆಯಲ್ಲೇ ಕೆತ್ತುತ್ತದೆ. ತಯಾರಿಕೆಯ ಒಂದೊಂದು ಕಂತಿನ ಬಿಲ್ಲೆ ಒಂದೊಂದು ಬಗೆಯಾಗಿ ಕುಗ್ಗುವುದರಿಂದ, ಎಷ್ಟು ಪಟ್ಟು ದೊಡ್ಡದಾಗಿ ಕೆತ್ತಬೇಕೆಂಬ ಸಂಖ್ಯೆಯನ್ನು ತಯಾರಕರು ಬಿಲ್ಲೆಯ ಮೇಲೆಯೇ ನಮೂದಿಸಿ ಕಳಿಸುತ್ತಾರೆ. ಟೆಕ್ನೀಷಿಯನ್ ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟ ಮೇಲೆಯೇ ಕೆತ್ತನೆ ಶುರು.